ಕೇಂಬ್ರಿಜ್‌ನ ಹಳೆಯ ಆಟದ ಮನೆ

ವಿಜ್ಞಾನದ ಮೇಷ್ಟರೊಬ್ಬರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರೆ ಮೊದಲು ನೋಡುವುದು ಒಂದು ಸೇಬಿನ ಮರವನ್ನು. ಟ್ರಿನಿಟಿ ಕಾಲೇಜಿನ ಹೆಬ್ಬಾಗಿಲ ಪಕ್ಕದ ಹುಲ್ಲುಹಾಸಿನ ಮೇಲೆ ಅದು ನಿಂತಿದೆ. ನ್ಯೂಟನ್ ಹುಟ್ಟಿದ ವೂಲ್ಸ್‌ಥಾರ್ಪ್‌ನ ಮನೆಯಂಗಳದ ಮರದಿಂದ ಕಸಿಮಾಡಿ ಬೆಳೆಸಿದ್ದು. 1954ರಲ್ಲಿ ಇಲ್ಲಿ ನೆಟ್ಟದ್ದು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಸೇಬನ್ನು ಬೀಳಿಸಿದವನು ನಾನು. ಆ ಮರದ ಮುಂದೆ ನಿಂತಾಗ ಕೈ ತಾನಾಗಿಯೇ ಮುಗಿಯುವಂತಾಯಿತು. ಇದೇ ಕಾಲೇಜಿಗೆ 1914ರಲ್ಲಿ ನಮ್ಮ ರಾಮಾನುಜನ್ ಬಂದಿದ್ದರು ಎಂಬುದೂ ನೆನಪಾಗಿ ಮನಸ್ಸು ತುಂಬಿ ಬಂತು.

“ಅಜ್ಜ, ಮುಗೀತಾ? ಹೋಗೋಣ್ವಾ?” ಎಂದ ನನ್ನ ಜೊತೆಗಿದ್ದ ಹುಡುಗ. ಅವನ ಕಣ್ಣು ಮರದ ಮೇಲಿರಲಿಲ್ಲ, ಕೈಯಲ್ಲಿದ್ದ ಫೋನಿನ ಮೇಲಿತ್ತು.

ನನ್ನ ಅಕ್ಕನ ಮಗ ಆ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಅಕ್ಕನ ಜೊತೆ ನಾನೂ ಹದಿನೈದು ದಿನ ಅವನ ಮನೆಯಲ್ಲಿದ್ದೆ. ಮನೆ ಚಿಕ್ಕದು, ಚೊಕ್ಕವಾದದ್ದು. ಆದರೆ ಸಂಜೆಯಾಯಿತೆಂದರೆ ಜಗಳ. ಹನ್ನೊಂದು ವರ್ಷದ ಮಗ ಟ್ಯಾಬ್ ಹಿಡಿದು ಕೂರುತ್ತಾನೆ; ಅಪ್ಪ ಕಿತ್ತುಕೊಳ್ಳುತ್ತಾನೆ; ಮಗ ಊಟ ಬಿಡುತ್ತಾನೆ; ಅಮ್ಮ ಇಬ್ಬರ ಮೇಲೂ ರೇಗುತ್ತಾಳೆ. ಮೂರನೆಯ ದಿನ ಅಕ್ಕನ ಮಗ ನನ್ನೆದುರು ಕುಳಿತು, “ಮಾವ, ನೀವು ಮೇಷ್ಟ್ರು. ನೀವಾದ್ರೂ ಇವನಿಗೆ ಒಂದು ಮಾತು ಹೇಳಿ” ಎಂದ.

ಹೇಳುವುದೇನೂ ಕಷ್ಟವಿರಲಿಲ್ಲ. ವೀಡಿಯೊ ಗೇಮ್ ಕಣ್ಣು ಕೆಡಿಸುತ್ತದೆ, ಹೊತ್ತು ತಿನ್ನುತ್ತದೆ, ಓದಿಗೆ ಮಣ್ಣು ಹಾಕುತ್ತದೆ ಎಂದು ಪ್ರತಿ ಪೋಷಕರ ಸಭೆಯಲ್ಲೂ ಹೇಳಿಕೊಂಡು ಬಂದವನು ನಾನು. ಆದರೆ ಆ ಊರಿನಲ್ಲಿ ಒಂದು ದಿನ ಸುತ್ತಾಡಿದ ಮೇಲೆ ಆ ಮಾತು ನನ್ನ ಬಾಯಲ್ಲೇ ಉಳಿದುಬಿಟ್ಟಿತು. ಯಾಕೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಎಲೆಕ್ಟ್ರಾನಿನ ಓಣಿ

ಟ್ರಿನಿಟಿಯಿಂದ ತೆಂಕಣಕ್ಕೆ ಹತ್ತು ನಿಮಿಷ ನಡೆದರೆ ಫ್ರೀ ಸ್ಕೂಲ್ ಲೇನ್ ಎಂಬ ಇಕ್ಕಟ್ಟಿನ ಓಣಿ ಸಿಗುತ್ತದೆ. ಹಳೆಯ ಕ್ಯಾವೆಂಡಿಶ್ ಪ್ರಯೋಗಶಾಲೆ ಇದ್ದದ್ದು ಇಲ್ಲೇ. 1897ರಲ್ಲಿ ಜೆ. ಜೆ. ಥಾಮ್ಸನ್ ಗಾಜಿನ ನಳಿಕೆಯೊಳಗೆ ಕ್ಯಾಥೋಡ್ ಕಿರಣಗಳನ್ನು ಬಾಗಿಸಿ ಎಲೆಕ್ಟ್ರಾನನ್ನು ಕಂಡುಹಿಡಿದದ್ದು ಈ ಗೋಡೆಗಳ ಹಿಂದೆ. ಹುಡುಗನಿಗೆ ಇದನ್ನೆಲ್ಲ ಹೇಳಿದೆ. “ಹೂಂ” ಎಂದ, ಅಷ್ಟೆ.

ಆಗ ನನಗೆ ಓದಿದ್ದೊಂದು ನೆನಪಾಯಿತು. “ಪ್ರಪಂಚದ ಮೊಟ್ಟಮೊದಲ ಕಂಪ್ಯೂಟರ್ ಆಟಗಳಲ್ಲಿ ಒಂದು ಹುಟ್ಟಿದ್ದು ಈ ಓಣಿಯ ಹಿಂಭಾಗದಲ್ಲೇ, ಗೊತ್ತೇನೋ?” ಎಂದೆ. ಫೋನು ಜೇಬಿಗೆ ಹೋಯಿತು.

ಸಂಗತಿ ಹೀಗಿದೆ. ಕ್ಯಾವೆಂಡಿಶ್‌ಗೆ ತಾಗಿದಂತಿದ್ದ ವಿಶ್ವವಿದ್ಯಾನಿಲಯದ ಗಣಿತ ಪ್ರಯೋಗಶಾಲೆಯಲ್ಲಿ 1949ರ ಮೇ 6ರಂದು ಎಡ್‌ಸ್ಯಾಕ್ ಎಂಬ ಗಣಕಯಂತ್ರ ತನ್ನ ಮೊದಲ ಲೆಕ್ಕ ಮಾಡಿತು. ಒಂದು ಕೋಣೆಯನ್ನೇ ತುಂಬಿದ್ದ ಯಂತ್ರ. ಅದರಲ್ಲಿ ಸುಮಾರು 3000 ನಿರ್ವಾತ ಕವಾಟಗಳು. ಯಂತ್ರದ ಸ್ಮೃತಿಯಲ್ಲಿ ಏನಿದೆ ಎಂದು ನೋಡಲು ಅದಕ್ಕೆ ಕ್ಯಾಥೋಡ್ ಕಿರಣದ ಪುಟ್ಟ ತೆರೆಗಳಿದ್ದವು. 1952ರಲ್ಲಿ ಎ. ಎಸ್. ಡಗ್ಲಸ್ ಎಂಬ ಸಂಶೋಧನ ವಿದ್ಯಾರ್ಥಿ, ಮನುಷ್ಯ ಮತ್ತು ಗಣಕದ ನಡುವಣ ಸಂವಾದ ಹೇಗಿರಬಹುದು ಎಂದು ತೋರಿಸಲು ತನ್ನ ಪ್ರಬಂಧಕ್ಕಾಗಿ ಒಂದು ಆಟ ಬರೆದ. ನಮ್ಮ ಮಕ್ಕಳು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಆಡುವ, ಒಂಬತ್ತು ಮನೆಯ ಚೌಕದಲ್ಲಿ ಸೊನ್ನೆ ಮತ್ತು ಇಂಟು ಗುರುತು ಹಾಕುವ ಅದೇ ಆಟ. ಅಡ್ಡಕ್ಕೆ 35, ಉದ್ದಕ್ಕೆ 16 ಬೆಳಕಿನ ಚುಕ್ಕೆಗಳ ತೆರೆ. ಆಡುವವನು ಟೆಲಿಫೋನಿನ ಡಯಲ್ ತಿರುಗಿಸಿ ತನ್ನ ಮನೆಯನ್ನು ತಿಳಿಸಬೇಕು. ಯಂತ್ರ ತನ್ನ ನಡೆಯನ್ನು ತೆರೆಯ ಮೇಲೆ ತೋರಿಸುತ್ತಿತ್ತು. 1958ರಲ್ಲಿ ಎಡ್‌ಸ್ಯಾಕನ್ನು ಕಳಚಿಹಾಕಿದರು.

ಎಲೆಕ್ಟ್ರಾನನ್ನು ಕಂಡುಹಿಡಿದ ಜಾಗಕ್ಕೂ, ಎಲೆಕ್ಟ್ರಾನಿನ ಕಿರಣದಿಂದ ಚುಕ್ಕೆ ಮೂಡಿಸಿ ಆಟ ಆಡಿದ ಜಾಗಕ್ಕೂ ನಡುವೆ ಎರಡು ನಿಮಿಷದ ನಡಿಗೆ, 55 ವರ್ಷಗಳ ಅಂತರ. ಪಾಠ ಮಾಡುವಾಗ ನಾನು ಈ ಎರಡನ್ನು ಎಂದೂ ಜೋಡಿಸಿರಲಿಲ್ಲ. ಒಂದು ಪರೀಕ್ಷೆಗೆ ಬರುವ ವಿಷಯ, ಇನ್ನೊಂದು ಮಕ್ಕಳನ್ನು ಕೆಡಿಸುವ ವಿಷಯ ಎಂದುಕೊಂಡಿದ್ದೆ.

“ಅಂಥ ಹಳೇ ಆಟ ಈಗ ಎಲ್ಲಾದ್ರೂ ಆಡೋಕೆ ಸಿಗುತ್ತಾ ಅಜ್ಜ?” ಎಂದ ಹುಡುಗ. ಸಿಗುತ್ತದೆ. ಅದೇ ಊರಿನಲ್ಲೇ ಸಿಗುತ್ತದೆ.

ಕೆಂಪು ಗುಂಡಿಗಳ ಯಂತ್ರ

ಪೇಟೆಯ ನಡುಭಾಗದಿಂದ ಮೂಡಣಕ್ಕೆ ಜೀಸಸ್ ಕಾಲೇಜನ್ನು ದಾಟಿ, ಅಂಗಡಿ ಸಾಲುಗಳ ನ್ಯೂಮಾರ್ಕೆಟ್ ರಸ್ತೆ ಹಿಡಿದು ಮುಂದೆ ಹೋದರೆ, ರೈಲು ಹಳಿಗಳ ಸಮೀಪ ಒಂದು ಕೈಗಾರಿಕಾ ಬಡಾವಣೆ ಇದೆ. ಗೋದಾಮಿನಂಥ ಒಂದು ಕಟ್ಟಡದಲ್ಲಿ ‘ಸೆಂಟರ್ ಫಾರ್ ಕಂಪ್ಯೂಟಿಂಗ್ ಹಿಸ್ಟರಿ’ ಎಂಬ ವಸ್ತುಸಂಗ್ರಹಾಲಯವಿದೆ. ಪ್ರವಾಸಿಗಳ ಬಸ್ಸು ಇತ್ತ ಬರುವುದು ಕಡಿಮೆ. ಹೊರಗಿನಿಂದ ನೋಡಿದರೆ ಟೈರು ಮಾರುವ ಮಳಿಗೆಯೇನೋ ಎನ್ನಬೇಕು.

ಒಳಗೆ ಹೋದರೆ ನಮ್ಮ ವಸ್ತುಸಂಗ್ರಹಾಲಯಗಳಿಗಿಂತ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ‘ಮುಟ್ಟಬಾರದು’ ಎಂಬ ಫಲಕದ ಬದಲು ‘ಮುಟ್ಟಿ, ಆಡಿ’ ಎನ್ನುವ ಏರ್ಪಾಡು. ಸಾಲಾಗಿ ಹಳೆಯ ಯಂತ್ರಗಳು. ಹೆಚ್ಚಿನವು ಚಾಲೂ ಇವೆ. ಅಪ್ಪ ಅಮ್ಮಂದಿರು ತಾವು ಚಿಕ್ಕವರಾಗಿದ್ದಾಗ ಆಡಿದ್ದನ್ನು ಮಕ್ಕಳಿಗೆ ತೋರಿಸುತ್ತ ಕುಳಿತಿದ್ದರು. ಒಂದು ಕಡೆ 1980ರ ದಶಕದ ತರಗತಿಯ ಹಾಗೆ ಮೇಜುಗಳನ್ನು ಹಾಕಿ ಒಂದೇ ಬಗೆಯ ಯಂತ್ರಗಳನ್ನು ಇಟ್ಟಿದ್ದರು. ಮಾಸಲು ಬಿಳಿ ಬಣ್ಣದ ಪೆಟ್ಟಿಗೆ, ಕಪ್ಪು ಗುಂಡಿಗಳು, ಮೇಲಿನ ಸಾಲಿನಲ್ಲಿ ಮಾತ್ರ ಕೆಂಪು ಗುಂಡಿಗಳು.

ಆ ಕೆಂಪು ಗುಂಡಿಗಳನ್ನು ಕಂಡೊಡನೆ ನನ್ನ ಕಾಲು ಅಲ್ಲೇ ನಿಂತಿತು. ಅವನ್ನು ನಾನು ಮೊದಲೇ ನೋಡಿದ್ದೆ. ನಲವತ್ತು ವರ್ಷಗಳ ಹಿಂದೆ, ಮಲೆನಾಡಿನ ಒಂದು ಪ್ರೌಢಶಾಲೆಯ ಕಿಟಕಿಯ ಸರಳುಗಳ ಆಚೆಯಿಂದ.

ಈ ಯಂತ್ರದ ಹೆಸರು ಬಿಬಿಸಿ ಮೈಕ್ರೊ. ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ ಜನರಿಗೆ ಕಂಪ್ಯೂಟರ್ ಕಲಿಸುವ ಟೀವಿ ಪಾಠಮಾಲೆಗಾಗಿ ಒಂದು ಯಂತ್ರ ಬೇಕೆಂದಾಗ ಕೇಂಬ್ರಿಜ್‌ನ ಏಕಾರ್ನ್ ಎಂಬ ಸಣ್ಣ ಕಂಪನಿ ಇದನ್ನು ಮಾಡಿಕೊಟ್ಟಿತು. 1981ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು ಬ್ರಿಟನ್ನಿನ ಬಹುಪಾಲು ಶಾಲೆಗಳನ್ನು ಸೇರಿತು. 1984–85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯಡಿ ನಮ್ಮ ಶಾಲೆಗಳಿಗೂ ಕಂಪ್ಯೂಟರ್ ತರಲು ಹೊರಟಾಗ ಆರಿಸಿಕೊಂಡದ್ದೂ ಇದೇ ಯಂತ್ರವನ್ನು. ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳು. ಮುಂದೆ ಆ ಸಂಖ್ಯೆ ಎರಡು ಸಾವಿರ ದಾಟಿತು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೂ ಬಂತು. ಬಂದ ದಿನ ಪೂಜೆಯಾಯಿತು, ಕುಂಕುಮ ಹಚ್ಚಿದರು, ಮಂಡಕ್ಕಿ ಹಂಚಿದರು. ಆಮೇಲೆ ಕೋಣೆಗೆ ಬೀಗ ಬಿತ್ತು. ಧೂಳು ಬಿದ್ದೀತು ಎಂದು ಯಂತ್ರಕ್ಕೆ ಹೂವಿನ ಕಸೂತಿಯ ಬಟ್ಟೆ ಹೊದಿಸಿದ್ದರು. ಸಾಹೇಬರು ತನಿಖೆಗೆ ಬಂದಾಗ ಮಾತ್ರ ಬಟ್ಟೆ ಸರಿಯುತ್ತಿತ್ತು. ನಮಗೆ ಬೇಸಿಕ್ ಭಾಷೆಯ ಪಾಠ ನಡೆದದ್ದು ಕಪ್ಪು ಹಲಗೆಯ ಮೇಲೆ. ವರ್ಷಕ್ಕೊಮ್ಮೆ ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಒಳಗೆ ಹೋಗಿ, ಕೈಕಟ್ಟಿ ನೋಡಿ ಹೊರಗೆ ಬರುವುದು. ಗುಂಡಿ ಒತ್ತುವ ಭಾಗ್ಯ ನಮ್ಮ ತಂಡಕ್ಕೆ ಬರಲೇ ಇಲ್ಲ. ಯಾರನ್ನು ದೂರುವುದು? ಅಷ್ಟು ಬೆಲೆಯ ವಸ್ತು. ಕೆಟ್ಟರೆ ಉತ್ತರ ಕೊಡಬೇಕಾದವರು ಅವರು. ಪಾಪ, ಹೆದರಿದ್ದರು.

ಈಗ ಕುರ್ಚಿ ಎಳೆದು ಕುಳಿತೆ. ಐವತ್ತರ ಮೇಲೆ ವಯಸ್ಸಾದ ಬೆರಳುಗಳು ನಡುಗಿದವು ಎಂದರೆ ನೀವು ನಗಬಹುದು. ಕಪ್ಪು ಹಲಗೆಯ ಪಾಠ ಮರೆತಿರಲಿಲ್ಲ. ಹತ್ತನೆಯ ಸಾಲಿನಲ್ಲಿ ‘ಪ್ರಿಂಟ್’ ಎಂದು ಬರೆದು ನನ್ನ ಹೆಸರು. ಇಪ್ಪತ್ತನೆಯ ಸಾಲಿನಲ್ಲಿ ‘ಗೋ ಟು ಹತ್ತು’. ‘ರನ್’ ಎಂದೆ. ಒಂದೇ ಗಳಿಗೆಯಲ್ಲಿ ತೆರೆಯ ತುಂಬ ನನ್ನ ಹೆಸರು, ಹೊಳೆಯ ಹಾಗೆ ಹರಿಯತೊಡಗಿತು.

“ಅಜ್ಜ, ಇದು ನೀವೇ ಮಾಡಿದ್ದಾ?” ಎಂದ ಹುಡುಗ. ಸೇಬಿನ ಮರದ ಕೆಳಗೆ ಕಾಣದ ಬೆಳಕು ಅವನ ಕಣ್ಣಲ್ಲಿ ಕಂಡಿತು. ಅವನು ದಿನವೂ ಗಂಟೆಗಟ್ಟಲೆ ಆಡುತ್ತಾನೆ. ಆದರೆ ತೆರೆಯ ಮೇಲಿನದ್ದನ್ನು ಒಬ್ಬ ಮನುಷ್ಯ ಕುಳಿತು ‘ಮಾಡಿರುತ್ತಾನೆ’ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ.

ನ್ಯೂಟನ್ ಒಪ್ಪುವ ಆಟ

ಆಮೇಲೆ ಆಡಿದೆವು. ಬಿಬಿಸಿ ಮೈಕ್ರೊಗೆ ಬಂದ ಆಟಗಳು ಸಾವಿರಾರು. ಎಲ್ಲವೂ ಮುತ್ತು ರತ್ನ ಎಂದು ನಾನು ಹೇಳಲಾರೆ. ಸುಮ್ಮನೆ ಢಂ ಢಂ ಎಂದು ಸುಡುವವು ಆಗಲೂ ಬಹಳ ಇದ್ದವು. ಆದರೆ ಇಂದು ಬಹುಪಾಲು ಮರೆತುಹೋಗಿರುವ ಕೆಲವು ಆಟಗಳು ಮತ್ತೆ ಮಕ್ಕಳ ಕೈ ಸೇರಬೇಕು ಎನಿಸಿತು.

ಅದರಲ್ಲಿ ಮೊದಲನೆಯದು ‘ಥ್ರಸ್ಟ್’. 1986ರಲ್ಲಿ ಬಂದದ್ದು, ಬರೆದವರು ಜೆರೆಮಿ ಸ್ಮಿತ್. ನೋಡಲು ಏನೂ ಇಲ್ಲ. ಕಪ್ಪು ಹಿನ್ನೆಲೆ, ಗೆರೆಯಲ್ಲಿ ಬರೆದ ಗುಡ್ಡ ಗವಿಗಳು, ತ್ರಿಕೋನದಂಥ ಪುಟ್ಟ ನೌಕೆ. ನೌಕೆಯನ್ನು ಅತ್ತ ಇತ್ತ ತಿರುಗಿಸಬಹುದು, ಹಿಂದಿನಿಂದ ಬೆಂಕಿಯುಗುಳಿ ಮುಂದೆ ನೂಕಬಹುದು. ಗವಿಯೊಳಗಿಳಿದು ಒಂದು ಭಾರವಾದ ಗುಂಡನ್ನು ಎತ್ತಿಕೊಂಡು ಮೇಲೆ ಹೋಗಬೇಕು. ಇಷ್ಟೇ ಆಟ.

ಹುಡುಗ ಕುಳಿತ. ಮೂರು ಸೆಕೆಂಡಿನಲ್ಲಿ ನೆಲಕ್ಕೆ ಬಡಿದ. ಮತ್ತೆ ಬಡಿದ. ಮತ್ತೆ. “ಬ್ರೇಕ್ ಎಲ್ಲಿದೆ ಅಜ್ಜ?” ಎಂದ. “ಬ್ರೇಕ್ ಇಲ್ಲ” ಎಂದೆ. “ಮತ್ತೆ ನಿಲ್ಲಿಸೋದು ಹೇಗೆ?”

ಓದುಗ ವಿದ್ಯಾರ್ಥಿಗಳೇ, ಈ ಪ್ರಶ್ನೆ ಕೇಳಿಸಿಕೊಳ್ಳಲು ನಾನು ಮೂವತ್ತು ವರ್ಷ ಕಾದಿದ್ದೇನೆ. ಚಲಿಸುವ ವಸ್ತು ಬಲ ಬೀಳದ ಹೊರತು ಅದೇ ವೇಗದಲ್ಲಿ ಚಲಿಸುತ್ತಲೇ ಇರುತ್ತದೆ ಎಂಬ ಮೊದಲ ನಿಯಮವನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೋ! ಬಾಯಿಗೆ ಬಂದರೂ ಯಾರಿಗೂ ಅದು ಮನಸ್ಸಿಗೆ ಇಳಿಯುವುದಿಲ್ಲ. ಏಕೆಂದರೆ ನಮ್ಮ ಸುತ್ತ ಘರ್ಷಣೆ ಇದೆ, ಉರುಳುವ ಚೆಂಡು ತಾನೇ ನಿಲ್ಲುತ್ತದೆ. ಥ್ರಸ್ಟ್‌ನ ಲೋಕದಲ್ಲಿ ಓಡುವ ನೌಕೆಯನ್ನು ನಿಲ್ಲಿಸಬೇಕಾದರೆ ಅದನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ವಿರುದ್ಧ ದಿಕ್ಕಿನಲ್ಲಿ ಬಲ ಕೊಡಬೇಕು. ಈ ನಡುವೆ ಗುರುತ್ವ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ, ಇಂಧನ ಕರಗುತ್ತಲೇ ಇರುತ್ತದೆ.

ಗುಂಡನ್ನು ಎತ್ತಿಕೊಂಡ ಮೇಲೆ ನಿಜವಾದ ಮಜ. ನೌಕೆಗೂ ಗುಂಡಿಗೂ ನಡುವೆ ಒಂದು ಗಟ್ಟಿ ಸರಳು. ದ್ರವ್ಯರಾಶಿ ಹೆಚ್ಚಾದದ್ದರಿಂದ ಅದೇ ಬಲಕ್ಕೆ ವೇಗ ನಿಧಾನವಾಗಿ ಏರುತ್ತದೆ: ಅದು ಎರಡನೆಯ ನಿಯಮ. ಗುಂಡು ಲೋಲಕದ ಹಾಗೆ ತೂಗತೊಡಗುತ್ತದೆ. ಅವಸರ ಮಾಡಿದರೆ ನೌಕೆಯನ್ನೇ ಎಳೆದುಕೊಂಡು ಗಿರಗಿರನೆ ಸುತ್ತಿ ಗೋಡೆಗೆ ಬಡಿಯುತ್ತದೆ. ಗಾರೆ ಕೆಲಸದವರು ಹಗ್ಗಕ್ಕೆ ಕಟ್ಟಿದ ಬಕೆಟ್ಟನ್ನು ಮೇಲೆಳೆಯುವಾಗ ಅದು ತೂಗದಂತೆ ಹೇಗೆ ಹದವರಿತು ಎಳೆಯುತ್ತಾರೋ ಆ ಹದ ಇಲ್ಲಿಯೂ ಬೇಕು. ಮುಂದಿನ ಹಂತಗಳಲ್ಲಿ ಗುರುತ್ವವೇ ತಲೆಕೆಳಗಾಗುತ್ತದೆ, ಅಂದರೆ ಎಲ್ಲವೂ ಮೇಲಕ್ಕೆ ‘ಬೀಳುತ್ತದೆ’. ಅದಾದ ಮೇಲೆ ಗುಡ್ಡಗಳು ಕಣ್ಣಿಗೇ ಕಾಣುವುದಿಲ್ಲ.

ಇದೇ ಸ್ಮಿತ್ ಅವರು ಪೀಟರ್ ಅರ್ವಿನ್ ಎಂಬವರ ಜೊತೆಗೂಡಿ 1988ರಲ್ಲಿ ‘ಎಕ್ಸೈಲ್’ ಎಂಬ ಇನ್ನೊಂದು ಆಟ ಬರೆದರು. ಅದರಲ್ಲಿ ಕೈಗೆ ಸಿಕ್ಕ ವಸ್ತುಗಳನ್ನು ಎಸೆಯಬಹುದು. ಒಂದೊಂದಕ್ಕೂ ಅದರದ್ದೇ ತೂಕ. ಗಾಳಿ ಬೀಸಿದರೆ ತಳ್ಳುತ್ತದೆ, ನೀರಿನಲ್ಲಿ ಚಲನೆ ಬೇರೆಯಾಗುತ್ತದೆ. ಆಮೇಲೆ ಬಂದ ಎಷ್ಟೋ ದೊಡ್ಡ ಆಟಗಳಲ್ಲಿ ಕಾರು ಗೋಡೆಗೆ ಬಡಿದರೂ ಮೈ ಕೊಡವಿಕೊಂಡು ಓಡುತ್ತದೆ. ಇಲ್ಲಿ ಆ ರಿಯಾಯಿತಿ ಇಲ್ಲ.

ಮುಕ್ಕಾಲು ಗಂಟೆಯ ನಂತರ ಹುಡುಗ ಮೊದಲ ಗುಂಡನ್ನು ಮೇಲಕ್ಕೆ ಸಾಗಿಸಿದ. ಆಗ ಅವನು ಹೇಳಿದ ಮಾತು: “ಅಜ್ಜ, ನಿಧಾನ ಮಾಡೋಕೆ ಮೊದಲೇ ಯೋಚನೆ ಮಾಡ್ಬೇಕು.” ಜಡತ್ವಕ್ಕೆ ಇದಕ್ಕಿಂತ ಚೆನ್ನಾದ ವ್ಯಾಖ್ಯೆ ನಮ್ಮ ಪಠ್ಯಪುಸ್ತಕದಲ್ಲಿಲ್ಲ.

ಮೂರು ಅಂಕಿ, ಎರಡು ಸಾವಿರ ಲೋಕ

ಎರಡನೆಯ ಆಟದ ಹೆಸರು ‘ಎಲೀಟ್’. ಬರುವಾಗ ದಾಟಿ ಬಂದೆವಲ್ಲ, ಆ ಜೀಸಸ್ ಕಾಲೇಜಿನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಬರೆದದ್ದು. 1984ರ ಸೆಪ್ಟೆಂಬರಿನಲ್ಲಿ ಹೊರಬಂತು. ನೂರು ನಾಣ್ಯ ಮತ್ತು ಒಂದು ನೌಕೆಯೊಡನೆ ನೀವು ವ್ಯಾಪಾರ ಶುರುಮಾಡುತ್ತೀರಿ. ಬೇಸಾಯದ ಗ್ರಹದಲ್ಲಿ ಧಾನ್ಯ ಅಗ್ಗ, ಕೈಗಾರಿಕೆಯ ಗ್ರಹದಲ್ಲಿ ಯಂತ್ರ ಅಗ್ಗ. ಕೊಂಡು, ಸಾಗಿಸಿ, ಮಾರಿ ಬದುಕಬೇಕು, ದಾರಿಯಲ್ಲಿ ದರೋಡೆಕೋರರು. ಹೇಗೆ ಆಡಬೇಕೆಂದು ಆಟ ಹೇಳುವುದಿಲ್ಲ. ಇಂತಿಷ್ಟು ಅಂಕಕ್ಕೆ ಗೆದ್ದಿರಿ ಎನ್ನುವುದೂ ಇಲ್ಲ.

ಇದರಲ್ಲಿ ಎಂಟು ನಕ್ಷತ್ರಪುಂಜಗಳಿವೆ. ಒಂದೊಂದರಲ್ಲಿ 256 ಲೋಕಗಳು, ಒಟ್ಟು 2048. ಪ್ರತಿಯೊಂದಕ್ಕೂ ಹೆಸರು, ಸ್ಥಾನ, ಸರ್ಕಾರದ ಬಗೆ, ಆರ್ಥಿಕ ಸ್ಥಿತಿ. ಆದರೆ ಯಂತ್ರದ ಸ್ಮೃತಿ ಎಷ್ಟು? 32 ಕಿಲೋಬೈಟ್. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಮೂರು ಮೆಗಾಬೈಟ್ ಎಂದಿಟ್ಟುಕೊಂಡರೆ ಅದಕ್ಕೆ ಇಂಥ 96 ಯಂತ್ರಗಳ ಸ್ಮೃತಿ ಬೇಕು. ಹಾಗಿದ್ದರೆ ಎರಡು ಸಾವಿರ ಲೋಕಗಳನ್ನು ಎಲ್ಲಿ ತುಂಬಿದರು?

ತುಂಬಲೇ ಇಲ್ಲ! ಮಗ್ಗಿಯನ್ನು ನೆನಪಿಸಿಕೊಳ್ಳಿ. ಹದಿನೇಳರ ಮಗ್ಗಿ ಮರೆತುಹೋದರೆ ಹದಿನೇಳು ಹದಿನೇಳು ಕೂಡುತ್ತ ಹೋಗಿ ಬೇಕಾದ ಉತ್ತರ ತೆಗೆಯುತ್ತೇವೆ. ಮಗ್ಗಿಯನ್ನು ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ, ನಿಯಮ ಗೊತ್ತಿದ್ದರೆ ಸಾಕು. ಬ್ರೇಬೆನ್ ಮತ್ತು ಬೆಲ್ ಮಾಡಿದ್ದೂ ಅದನ್ನೇ. ಮೂರು ಸಂಖ್ಯೆಗಳಿಂದ ಆರಂಭಿಸಿ, ಮೂರನ್ನೂ ಕೂಡಿ ನಾಲ್ಕನೆಯದು, ಕೊನೆಯ ಮೂರನ್ನು ಕೂಡಿ ಐದನೆಯದು ಎಂದು ಹೋಗುವುದು. ಮೊತ್ತ ಹಿಡಿಸದಷ್ಟು ದೊಡ್ಡದಾದರೆ ಹೆಚ್ಚಾದದ್ದನ್ನು ಬಿಟ್ಟುಬಿಡುವುದು.

ಕಾಗದದ ಮೇಲೆ ನೀವೇ ಮಾಡಿ ನೋಡಿ. 3, 7, 4 ತೆಗೆದುಕೊಳ್ಳಿ. ಕೂಡಿದರೆ 14, ಬಿಡಿಸ್ಥಾನದ 4ನ್ನು ಮಾತ್ರ ಇಟ್ಟುಕೊಳ್ಳಿ. ಈಗ 7, 4, 4 ಕೂಡಿದರೆ 15, ಇಟ್ಟುಕೊಳ್ಳುವುದು 5. ಹೀಗೆ ಮುಂದುವರಿದರೆ 3, 7, 4, 4, 5, 3, 2, 0, 5, 7... ನೋಡಲು ಕವಡೆ ಚೆಲ್ಲಿದಂತೆ ಕಾಣುವ ಸಾಲು. ಆದರೆ 3, 7, 4ರಿಂದ ಹೊರಟರೆ ಎಷ್ಟು ಸಲ ಹೊರಟರೂ ಇದೇ ಸಾಲು. ಒಂದು ಅಂಕಿ ಲೋಕದ ಆರ್ಥಿಕ ಸ್ಥಿತಿ, ಇನ್ನೊಂದು ಅದರ ಸ್ಥಾನ, ಮತ್ತೊಂದರಿಂದ ಹೆಸರಿನ ತುಂಡುಗಳು. ‘ಲಾ’ ಮತ್ತು ‘ವೆ’ ಸೇರಿ ‘ಲಾವೆ’, ‘ಡಿ’ ಮತ್ತು ‘ಸೊ’ ಸೇರಿ ‘ಡಿಸೊ’. ಜಾಗವಿಲ್ಲದ ಬಡತನದಲ್ಲಿ ಹುಟ್ಟಿದ ಉಪಾಯ ಇದು. ಬಡತನದಲ್ಲಿ ಸಂಸಾರ ನಡೆಸಿದ ತಾಯಂದಿರಿಗೆ ಇದು ಬೇಗ ಅರ್ಥವಾದೀತು.

ಎಲೀಟ್‌ನ ಬಾಹ್ಯಾಕಾಶ ನಿಲ್ದಾಣದ ಹೆಸರು ಕೊರಿಯೋಲಿಸ್. ತಿರುಗುವ ಚೌಕಟ್ಟಿನಲ್ಲಿ ಕಾಣುವ ಬಲವನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರು ಅದು. ನಿಲ್ದಾಣ ತಿರುಗುತ್ತಲೇ ಇರುತ್ತದೆ. ಅದರ ಕಿಂಡಿಯೊಳಗೆ ನೌಕೆ ನುಗ್ಗಿಸಬೇಕಾದರೆ ನೀವೂ ಅದೇ ಗತಿಯಲ್ಲಿ ತಿರುಗಬೇಕು. ನನಗೆ ಒಂದು ಸಲವೂ ಆಗಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಇನ್ನೆರಡು ಹೆಸರು ಹೇಳಿ ಮುಂದೆ ಹೋಗುತ್ತೇನೆ. ಕಲ್ಲು ಉರುಳುವ ಗಣಿಯಲ್ಲಿ ವಜ್ರ ಆಯುವ ‘ರೆಪ್ಟನ್’ (1985) ಬರೆದ ಟಿಮ್ ಟೈಲರ್ ಆಗ ಹದಿಹರೆಯದ ಹುಡುಗ. ಅದರ ಮೂರನೆಯ ಭಾಗದಲ್ಲಿ ಆಡುವವರೇ ಹೊಸ ಗಣಿಗಳನ್ನು ರಚಿಸುವ ಸಲಕರಣೆ ಇತ್ತು. ಬ್ರಿಟನ್ನಿನ ಗಣಿತ ಶಿಕ್ಷಕರ ಸಂಘ 1984ರಲ್ಲಿ ತಂದ ‘ಎಲ್’ ಎಂಬ ಆಟದಲ್ಲಿ ಒಂದು ಅರಮನೆಯ ಕೋಣೆ ಕೋಣೆ ಅಲೆಯುತ್ತ ಗಣಿತದ ಒಗಟುಗಳನ್ನು ಬಿಡಿಸಬೇಕು. ಶಿಕ್ಷಕರ ಸಂಘವೇ ಆಟ ತಂದಿತ್ತು ಎಂಬುದನ್ನು ನನ್ನ ಸಹೋದ್ಯೋಗಿಗಳು ಗಮನಿಸಬೇಕು.

ಗೋಡೆಯಷ್ಟು ದೊಡ್ಡ ಚಿಪ್

ಅದೇ ಕಟ್ಟಡದಲ್ಲಿ ಒಂದು ವಿಚಿತ್ರ ಗೋಡೆ ಕಂಡೆವು. ಹತ್ತು ಮೀಟರ್ ಉದ್ದ, ಎರಡು ಮೀಟರ್ ಎತ್ತರ. ತುಂಬ ಸಣ್ಣ ಸಣ್ಣ ದೀಪಗಳು ಮಿಣಮಿಣ ಎನ್ನುತ್ತಿದ್ದವು. ಹೆಸರು ‘ಮೆಗಾಪ್ರೊಸೆಸರ್’. ಜೇಮ್ಸ್ ನ್ಯೂಮನ್ ಎಂಬವರು ಚಿಪ್ಪಿನೊಳಗೆ ಏನು ನಡೆಯುತ್ತದೆ ಎಂಬುದು ಕಣ್ಣಿಗೆ ಕಾಣಲೆಂದು ಒಂದು ಗಣಕ ಚಿಪ್ಪನ್ನು ಬಿಡಿ ಬಿಡಿ ಟ್ರಾನ್ಸಿಸ್ಟರುಗಳಿಂದ ಕೈಯಾರೆ ಬೆಸೆದು ಕಟ್ಟಿದ್ದಾರೆ. 2016ರಲ್ಲಿ ಮುಗಿಯಿತು. ನಲವತ್ತು ಸಾವಿರಕ್ಕೂ ಹೆಚ್ಚು ಟ್ರಾನ್ಸಿಸ್ಟರುಗಳು, ಹತ್ತು ಸಾವಿರಕ್ಕೂ ಹೆಚ್ಚು ದೀಪಗಳು. ಈಗಿನ ಒಳ್ಳೆಯ ಫೋನಿನ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರುಗಳು ಉಗುರಿನಷ್ಟು ಜಾಗದಲ್ಲಿ ಇರುತ್ತವೆ.

ಆ ಚಿಪ್ಪುಗಳ ಕಥೆಗೂ ಈ ಊರಿಗೂ ನಂಟಿದೆ. ಬಿಬಿಸಿ ಮೈಕ್ರೊ ಮಾಡಿದ ಏಕಾರ್ನ್ ಕಂಪನಿಯ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ ‘ಆರ್ಮ್’ ಎಂಬ ಹೊಸ ಚಿಪ್ ರೂಪಿಸಿದರು. ಮೊದಲ ಆರ್ಮ್ ಚಿಪ್ ಕೆಲಸ ಮಾಡಿದ್ದು 1985ರ ಏಪ್ರಿಲ್ 26ರಂದು. ಇಂದು ನಮ್ಮ ನಿಮ್ಮ ಜೇಬಿನಲ್ಲಿರುವ ಬಹುತೇಕ ಎಲ್ಲ ಫೋನುಗಳ ಮಿದುಳು ಅದೇ ವಂಶದ್ದು. ಆ ವಂಶದ ಚಿಪ್ಪುಗಳ ವಿನ್ಯಾಸ ಬೆಂಗಳೂರಿನಲ್ಲೂ ನಡೆಯುತ್ತದೆ. ನಮ್ಮ ಶಾಲೆಯ ಬೀಗದ ಕೋಣೆಯಲ್ಲಿ ಬಟ್ಟೆ ಹೊದ್ದು ಕುಳಿತಿದ್ದ ಪೆಟ್ಟಿಗೆಯ ಮನೆತನದ್ದೇ ಇದೆಲ್ಲ.

ಆ ಗೋಡೆಯ ಮೇಲೆ ಒಂದು ಆಟ ಆಡಬಹುದು. ಸ್ಮೃತಿಯ ದೀಪಗಳೇ ಅದಕ್ಕೆ ತೆರೆ. ಆಟದ ಹೆಸರು ಟೆಟ್ರಿಸ್. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ತಿರುಗಿಸಿ ಸಾಲು ತುಂಬಬೇಕು.

ದೀಪದ ಇಟ್ಟಿಗೆ ಬೀಳುವುದನ್ನು ನೋಡುತ್ತಿದ್ದಂತೆ ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದಂತಾಯಿತು. ಇದನ್ನು ನಾನು ಬಲ್ಲೆ. 1998ರಲ್ಲಿ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗ ಜಾತ್ರೆಯಲ್ಲಿ ಕೊಂಡ ‘ಬ್ರಿಕ್ ಗೇಮ್’ ತಂದಿದ್ದ. ‘9999 ಆಟಗಳು’ ಎಂದು ಮೇಲೆ ಬರೆದಿರುತ್ತಿತ್ತಲ್ಲ, ಅದೇ. ನಾನು ಪಾಠ ಮಾಡುವಾಗ ಡೆಸ್ಕಿನ ಕೆಳಗೆ ಆಡುತ್ತಿದ್ದ. ಕಿತ್ತುಕೊಂಡೆ. “ಅಪ್ಪನ್ನ ಕರ್ಕೊಂಡು ಬಾ, ಆಮೇಲೆ ಕೊಡ್ತೀನಿ” ಎಂದೆ. ಅಪ್ಪ ಕೂಲಿಗೆ ಹೋಗುವವರು, ಬರಲಿಲ್ಲ. ಹುಡುಗನೂ ಮತ್ತೆ ಕೇಳಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ. ಆ ಆಟ ನನ್ನ ಬೀರುವಿನಲ್ಲಿ ಉಳಿಯಿತು. ವರ್ಗವಾದಾಗ ಸಾಮಾನಿನ ಜೊತೆ ಮನೆಗೆ ಬಂತು.

ಕಿಟಕಿಯ ಸರಳಿನ ಆಚೆ ನಿಂತು ಕೆಂಪು ಗುಂಡಿ ನೋಡಿದ ಹುಡುಗ ನಾನು. ದೊಡ್ಡವನಾದ ಮೇಲೆ ಬೀಗ ಹಾಕಿದವನೂ ನಾನೇ.

ಟೆಟ್ರಿಸ್ ಮಾಡಿದವರು ಮಾಸ್ಕೋದ ಅಲೆಕ್ಸೇ ಪಾಜಿತ್ನೊವ್, 1984ರಲ್ಲಿ. ಚೌಕದ ತುಂಡುಗಳನ್ನು ಜೋಡಿಸುವ ಹಳೆಯ ಗಣಿತದ ಒಗಟಿನಿಂದ ಅದು ಹುಟ್ಟಿತು. ಅದರಲ್ಲಿ ಏಳು ಬಗೆಯ ಇಟ್ಟಿಗೆಗಳು, ಒಂದೊಂದರಲ್ಲೂ ನಾಲ್ಕು ಚೌಕ, ಒಟ್ಟು 28 ಚೌಕ. ಏಳನ್ನೂ ಒಂದೊಂದು ಸಲ ಬಳಸಿ ಒಂದು ಆಯತ ತುಂಬಲು ಸಾಧ್ಯವೇ? ಮಕ್ಕಳು ರಟ್ಟು ಕತ್ತರಿಸಿ ಪ್ರಯತ್ನಿಸಬಹುದು. ಸಾಧ್ಯವಿಲ್ಲ. ಆಯತವನ್ನು ಚದುರಂಗದ ಮಣೆಯ ಹಾಗೆ ಕಪ್ಪು ಬಿಳುಪು ಮಾಡಿ: 14 ಕಪ್ಪು, 14 ಬಿಳಿ. ಆರು ಇಟ್ಟಿಗೆಗಳು ಎಲ್ಲಿಟ್ಟರೂ ಎರಡು ಕಪ್ಪು, ಎರಡು ಬಿಳಿ ಮುಚ್ಚುತ್ತವೆ. ಇಂಗ್ಲಿಷಿನ ಟೀ ಅಕ್ಷರದಂಥ ಇಟ್ಟಿಗೆ ಮಾತ್ರ ಒಂದು ಬಣ್ಣದ ಮೂರು, ಇನ್ನೊಂದರ ಒಂದು ಮುಚ್ಚುತ್ತದೆ. ಹಾಗಾಗಿ ಒಟ್ಟು 15 ಮತ್ತು 13 ಆಗುತ್ತದೆಯೇ ಹೊರತು 14 ಮತ್ತು 14 ಎಂದೂ ಆಗದು. ಇಷ್ಟು ಸೊಗಸಾದ ಸಾಧನೆ ಆ ಹುಡುಗನ ಡೆಸ್ಕಿನ ಕೆಳಗೇ ಇತ್ತು. ಅಂದು ನಾನು ಕಿತ್ತುಕೊಳ್ಳುವ ಬದಲು ಪಕ್ಕದಲ್ಲಿ ಕುಳಿತಿದ್ದರೆ!

ಹೋಗುವವರಿಗೆ, ಹೋಗಲಾಗದವರಿಗೆ

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಕೇಂಬ್ರಿಜ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆಯೊಳಗೆ ತಲುಪಬಹುದು. ನಿಲ್ದಾಣದಿಂದ ಈ ವಸ್ತುಸಂಗ್ರಹಾಲಯಕ್ಕೆ ಸುಮಾರು ಅರ್ಧ ಗಂಟೆಯ ನಡಿಗೆ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ವಿಚಾರಿಸಿಕೊಂಡು ಹೋಗಿ. ಒಳಗೆ ಅರ್ಧ ದಿನವಾದರೂ ಬೇಕು.

ಹೋಗಲಾಗದವರು ಬೇಸರಪಡಬೇಕಿಲ್ಲ. ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ‘ಎಮ್ಯುಲೇಟರ್’ ಎಂಬ ತಂತ್ರಾಂಶಗಳಿವೆ. ಬಿಬಿಸಿ ಮೈಕ್ರೊವನ್ನು ಬ್ರೌಸರಿನಲ್ಲೇ ಉಚಿತವಾಗಿ ನಡೆಸಬಹುದು. ಎಲೀಟ್ ಬರೆದ ಇಯಾನ್ ಬೆಲ್ ತಮ್ಮ ಮೂಲ ಕ್ರಮವಿಧಿಯನ್ನೇ ಯಾರು ಬೇಕಾದರೂ ಓದುವಂತೆ ಅಂತರಜಾಲದಲ್ಲಿ ಇಟ್ಟಿದ್ದಾರೆ. ಇದಕ್ಕೆ ಶಾಲೆಯ ಕಂಪ್ಯೂಟರ್ ತೀರ ಹೊಸದಾಗಿರಬೇಕೆಂದೇನೂ ಇಲ್ಲ. ಮಕ್ಕಳಿಗೆ ಇಡೀ ದಿನ ಆಡಲು ಬಿಡಿ ಎಂದು ನಾನು ಹೇಳುತ್ತಿಲ್ಲ. ಗಡಿಯಾರ ಇರಲಿ, ಆದರೆ ಆ ಅರ್ಧ ಗಂಟೆ ಪಕ್ಕದಲ್ಲಿ ಇನ್ನೊಂದು ಕುರ್ಚಿಯೂ ಇರಲಿ.

ಅಂದು ಸಂಜೆ ಮನೆಯಲ್ಲಿ ಜಗಳವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಆಯಿತು. ಆದರೆ ಊಟದ ನಂತರ ಹುಡುಗ ಅಪ್ಪನನ್ನು ಥ್ರಸ್ಟ್ ಆಡಲು ಕೂರಿಸಿದ. ಅಪ್ಪ ಮೂರು ಸೆಕೆಂಡಿನಲ್ಲಿ ನೆಲಕ್ಕೆ ಬಡಿದ. “ಬ್ರೇಕ್ ಇಲ್ಲ ಅಪ್ಪಾ, ತಿರುಗಿಸು, ತಿರುಗಿಸು!” ಎಂಬ ಕೂಗು ನನ್ನ ಕೋಣೆಗೂ ಕೇಳುತ್ತಿತ್ತು. ಉಳಿದ ದಿನಗಳಲ್ಲಿ ನಾನು ಹೇಳಬೇಕೆಂದಿದ್ದ ಬುದ್ಧಿಮಾತಿನ ಅಗತ್ಯ ಬೀಳಲಿಲ್ಲ.

ಊರಿಗೆ ಬಂದ ಮೇಲೆ ಬೀರು ತೆಗೆದು ಹುಡುಕಿದೆ. ಬ್ರಿಕ್ ಗೇಮ್ ಇತ್ತು. ಹಳೆಯ ಸೆಲ್ಲುಗಳು ಸೋರಿ ಒಳಗೆ ಹಸಿರು ಕಿಲುಬು ಹಿಡಿದಿತ್ತು. ಉಪ್ಪುಕಾಗದದಿಂದ ತಿಕ್ಕಿ ಎರಡು ಹೊಸ ಸೆಲ್ ಹಾಕಿದೆ. ಕುಂಯ್ ಎಂದು ಹಾಡಿ ಇಟ್ಟಿಗೆ ಬೀಳತೊಡಗಿತು. ಆ ಹುಡುಗನಿಗೆ ಈಗ ನಲವತ್ತು ಆಗಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ ಅಪ್ಪನನ್ನು ಕರೆದುಕೊಂಡು ಬರಬೇಕಿಲ್ಲ. ಅವನೇ ಬರಲಿ, ಮಕ್ಕಳಿದ್ದರೆ ಅವರನ್ನೂ ಕರೆತರಲಿ. ಅವನ ಸಾಮಾನು ನನ್ನ ಹತ್ತಿರ ಜೋಪಾನವಾಗಿದೆ.